ಹೊಡೆತವಿಲ್ಲದ ಗಾರ್ಚಾಂಪ್‌ನ ರಿಪೇರಿ

ಗಿರಾಕಿ: ಅಕ್ಕನ ಮಗ, ದ್ವಿತೀಯ ಪಿಯುಸಿ. ವಸ್ತು: ನಿಂಟೆಂಡೊ ಸ್ವಿಚ್‌ನ ಪೋಕೆಮಾನ್ ಸ್ಕಾರ್ಲೆಟ್ ಆಟದಲ್ಲಿ ಅವನು ಸಾಕಿದ, ಗಾರ್ಚಾಂಪ್ ಎಂಬ ಕಾದಾಡುವ ಪ್ರಾಣಿ. ದೂರು: “ಕಥೆ ಮುಗಿಯುವ ತನಕ ಎದುರು ಬಂದವರನ್ನೆಲ್ಲ ಉರುಳಿಸಿತು ಚಿಕ್ಕಮ್ಮ. ಗೆಳೆಯರ ಎದುರು ನಿಲ್ಲಿಸಿದರೆ ಒಂದು ಏಟು ಹಾಕುವ ಮೊದಲೇ ಬೀಳುತ್ತದೆ. ನೀವೇ ನೋಡಿ.”

ಸೋಮವಾರಪೇಟೆಯ ನನ್ನ ಅಂಗಡಿಗೆ ಬರುವುದು ಒಡೆದ ಡಿಸ್‌ಪ್ಲೇ, ಮಳೆಗೆ ನೆಂದ ಮೊಬೈಲ್, ಚಾರ್ಜ್ ಹಿಡಿಯದ ಪಿನ್. ಆಟದ ಪ್ರಾಣಿಯನ್ನು ರಿಪೇರಿಗೆ ತಂದವನು ಇವನೊಬ್ಬನೇ. ಆದರೂ ಕೆಲಸದ ಕ್ರಮ ಬೇರೆಯೇನಲ್ಲ. ಮೊದಲು ಬಿಚ್ಚಿ ನೋಡಬೇಕು, ಕೆಟ್ಟದ್ದು ಯಾವುದೆಂದು ಗುರುತಿಸಬೇಕು, ಬಿಡಿಭಾಗದ ಮಾತು ಆಮೇಲೆ. ಹುಡುಗ ಬಿಡಿಭಾಗದಿಂದಲೇ ಶುರು ಮಾಡಿದ್ದ. ಗಾರ್ಚಾಂಪ್‌ನ ಕೈಯಲ್ಲಿ ಲೈಫ್ ಆರ್ಬ್ ಇತ್ತು, ಹೊಡೆತವನ್ನು 1.3 ಪಟ್ಟು ಮಾಡಿ, ಪ್ರತಿ ದಾಳಿಗೂ ತನ್ನದೇ ಎಚ್‌ಪಿಯ, ಅಂದರೆ ಜೀವದ ಅಂಕಗಳ, ಹತ್ತನೇ ಒಂದು ಭಾಗ ಕೀಳುವ ವಸ್ತು ಅದು. ನಾಲ್ಕು ಮೂವ್‌ಗಳಲ್ಲಿ, ಅಂದರೆ ಕಾದಾಟದ ವರಸೆಗಳಲ್ಲಿ, ನಾಲ್ಕೂ ದಾಳಿಯವೇ: ಅರ್ಥ್‌ಕ್ವೇಕ್, ಡ್ರ್ಯಾಗನ್ ಕ್ಲಾ, ಡ್ರ್ಯಾಗನ್ ರಶ್, ಸ್ಟೋನ್ ಎಡ್ಜ್. ಹಾಕಿಯಲ್ಲಿ ಡಿ ವೃತ್ತದ ಹೊರಗಿನಿಂದ ಎಷ್ಟು ಜೋರಾಗಿ ಹೊಡೆದು ಬಲೆ ಹರಿದರೂ ಗೋಲು ಲೆಕ್ಕಕ್ಕೆ ಬರುವುದಿಲ್ಲ. ಕೊಡಗಿನ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾಳಿಯ ಪ್ರಾಣಿಗೂ ಅದೇ ನ್ಯಾಯ. ಎಷ್ಟು ಜೋರಾಗಿ ಹೊಡೆಯುತ್ತದೆ ಎಂಬುದು ಕೊನೆಯ ಪ್ರಶ್ನೆ. ಯಾರನ್ನು ದಾಟಿ ಹೊಡೆಯಬೇಕು ಎಂಬುದು ಮೊದಲನೆಯದು.

ಆಡುವ ಪದ್ಧತಿ ಇದು: ಒಬ್ಬನಿಗೆ ಒಬ್ಬ. ಎಲ್ಲ ಪ್ರಾಣಿಗಳೂ 50ನೇ ಲೆವೆಲ್‌ಗೆ ಇಳಿಯುತ್ತವೆ, ಆರನ್ನು ತೋರಿಸಿ ಮೂರನ್ನು ಆರಿಸಿಕೊಳ್ಳಬೇಕು, ಒಂದು ತಂಡದಲ್ಲಿ ಒಂದೇ ವಸ್ತು ಎರಡು ಪ್ರಾಣಿಗಳ ಕೈಯಲ್ಲಿರುವಂತಿಲ್ಲ. ಆಟದ ಆನ್‌ಲೈನ್ ಶ್ರೇಯಾಂಕದ ಪಂದ್ಯಗಳಿಗೂ ಇದೇ ನಿಯಮ. ಹಾಗಾಗಿ ಕೆಳಗಿನ ಲೆಕ್ಕಗಳೆಲ್ಲ 50ನೇ ಲೆವೆಲ್‌ನವು.

ಬಿಚ್ಚಿ ನೋಡಿದ್ದು

ಗಾರ್ಚಾಂಪ್‌ನ ಹುಟ್ಟುಬಲದಲ್ಲಿ ಕೊರತೆಯಿಲ್ಲ. ಮೂಲ ಅಂಕಗಳು ಎಚ್‌ಪಿಗೆ 108, ದಾಳಿಗೆ 130, ರಕ್ಷಣೆಗೆ 95, ವಿಶೇಷ ದಾಳಿಗೆ 80, ವಿಶೇಷ ರಕ್ಷಣೆಗೆ 85, ವೇಗಕ್ಕೆ 102, ಒಟ್ಟು 600. ಮೈಬಲದಿಂದ ಹೊಡೆಯುವ ಭೌತಿಕ ದಾಳಿಗಾಗಿಯೇ ಹುಟ್ಟಿದ ಪ್ರಾಣಿ ಎಂದು ಈ ಅಂಕಗಳೇ ಹೇಳುತ್ತವೆ. ಅಂಥದ್ದು ಹೊಡೆಯುತ್ತಿಲ್ಲ ಎಂದರೆ ದೋಷ ಸಾಕಣೆಯಲ್ಲಿದೆ.

ವಿವರದ ಪರದೆಯಲ್ಲಿ ಎಲ್ ಗುಂಡಿ ಒತ್ತಿದರೆ ಇವಿ ಎಷ್ಟೆಷ್ಟು ಸೇರಿದೆ ಎಂಬ ಚಿತ್ರ ತೆರೆಯುತ್ತದೆ. ಪ್ರಾಣಿ ಯಾರನ್ನು ಸೋಲಿಸುತ್ತ ಬೆಳೆಯಿತೋ ಅವರಿಂದ ಬರುವ ಅಂಕಗಳೇ ಇವಿ. ಒಂದು ಗುಣಕ್ಕೆ 252, ಆರೂ ಗುಣಗಳಿಗೆ ಸೇರಿ 510, ಅಷ್ಟೇ ಮಿತಿ. ಈ ಗಾರ್ಚಾಂಪ್‌ನ ಇವಿ ಆರು ದಿಕ್ಕಿಗೂ ಚೆಲ್ಲಿಕೊಂಡಿತ್ತು. ಕಥೆಯುದ್ದಕ್ಕೂ ಸಿಕ್ಕಿದ್ದನ್ನೆಲ್ಲ ಹೊಡೆಯುತ್ತ ಬಂದ ಪ್ರಾಣಿಗೆ ಹೀಗಾಗುವುದು ಸಹಜ. ಅದಕ್ಕಿಂತ ದೊಡ್ಡ ಪೆಟ್ಟು ಅದರ ಸ್ವಭಾವದಲ್ಲಿತ್ತು. ಮಾಡೆಸ್ಟ್, ಅಂದರೆ ವಿಶೇಷ ದಾಳಿ ಶೇಕಡಾ 10 ಹೆಚ್ಚು, ಭೌತಿಕ ದಾಳಿ ಶೇಕಡಾ 10 ಕಡಿಮೆ. ನಾಲ್ಕೂ ಮೂವ್ ಭೌತಿಕವಾಗಿರುವ ಪ್ರಾಣಿಗೆ ಇಂಥ ಸ್ವಭಾವ! ಹುಟ್ಟಿನಿಂದ ಬರುವ ಐವಿ 0ರಿಂದ 31ರ ತನಕ ಇರುತ್ತದೆ. ಅದನ್ನು ತೋರಿಸುವ ಜಾಗದಲ್ಲಿ ದಾಳಿಯ ಎದುರು ‘ವೆರಿ ಗುಡ್’ ಇತ್ತು, ವೇಗದ ಎದುರು ‘ಡೀಸೆಂಟ್’. ಈ ಡೀಸೆಂಟ್‌ನಲ್ಲಿ ಮರ್ಯಾದೆಯ ಅಂಶ ಕಡಿಮೆ. 1ರಿಂದ 15ರೊಳಗೆ ಎಲ್ಲೋ ಇದೆ ಎಂದಷ್ಟೇ ಅರ್ಥ.

ಐವಿ ಪೂರ್ತಿ ಇದೆ, ಇವಿ ಸೊನ್ನೆ ಎಂದಿಟ್ಟುಕೊಂಡರೂ ಮಾಡೆಸ್ಟ್ ಗಾರ್ಚಾಂಪ್‌ನ ದಾಳಿ 135, ವೇಗ 122. ವೇಗವನ್ನು ಶೇಕಡಾ 10 ಹೆಚ್ಚಿಸುವ ಜಾಲಿ ಸ್ವಭಾವದಲ್ಲಿ ಎರಡಕ್ಕೂ 252 ಇವಿ ತುಂಬಿದರೆ ದಾಳಿ 182, ವೇಗ 169. ಒಂದೇ ಪ್ರಾಣಿ, ಒಂದೇ ಲೆವೆಲ್, ಎರಡೂ ಕಡೆ 47 ಅಂಕದ ಅಂತರ. ಲೈಫ್ ಆರ್ಬ್ ಹಿಡಿಸಿ ಇದನ್ನು ತುಂಬಿಸಲು ಆಗುವುದಿಲ್ಲ. ತಡವಾಗಿ ಹೊಡೆಯುವವನ ಕೈಯಲ್ಲಿ ಆರ್ಬ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಎದುರಿಗೆ ಯಾರು

“ನಿನ್ನ ಗೆಳೆಯರು ಏನೇನು ತರುತ್ತಾರೆ, ಬರೆದುಕೊಡು” ಎಂದೆ. ಕೆಟ್ಟುಹೋದ ಝೆರಾಕ್ಸ್ ಹಾಳೆಯ ಹಿಂಬದಿಯಲ್ಲಿ ಬರೆದ: ಡ್ರ್ಯಾಗನೈಟ್, ಫ್ಲಟರ್ ಮೇನ್, ವೀವೈಲ್, ಕಿಂಗ್ಯಾಂಬಿಟ್, ಗೋಲ್ಡೆಂಗೊ, ಕಾರ್ವಿನೈಟ್. ಜೊತೆಗೆ ಕುಶಾಲನಗರದ ಹುಡುಗನೊಬ್ಬನ ಬಳಿ ಇನ್ನೊಂದು ಗಾರ್ಚಾಂಪ್. ಈ ಏಳು ಹೆಸರುಗಳೇ ನನಗೆ ನಕ್ಷೆಯಾದವು. ಜಗತ್ತಿನ ಎಲ್ಲ ಪ್ರಾಣಿಗಳನ್ನೂ ಸೋಲಿಸುವ ಪ್ರಾಣಿ ಮಾಡಲು ಹೊರಟವನು ಯಾವುದನ್ನೂ ಸೋಲಿಸದ ಒಂದನ್ನು ಮಾಡುತ್ತಾನೆ. ಹುಡುಗ ತಂದಿದ್ದ ನಾಲ್ಕು ಮೂವ್‌ಗಳೇ ಅದಕ್ಕೆ ಸಾಕ್ಷಿ.

ಆಗಸ್ಟ್ ತಿಂಗಳ ಆರಂಭ, ಬಿಡದ ಮಳೆ. ಅಕ್ಕ ಅವನ ಕೈಯಲ್ಲಿ ಮದ್ದುಸೊಪ್ಪಿನ ಪಾಯಸ ಕಳುಹಿಸಿದ್ದಳು. ಕರೆಂಟಿಲ್ಲ, ನೆಟ್‌ವರ್ಕ್ ಕಡ್ಡಿಗಳೂ ಇಲ್ಲ. ಹೊಡೆತ ಲೆಕ್ಕ ಹಾಕಿಕೊಡುವ ಜಾಲತಾಣ ತೆರೆಯದ ಮೇಲೆ ಕೈಲೆಕ್ಕವೇ ಗತಿ. ಅದೇನು ಕಷ್ಟವಲ್ಲ. 50ನೇ ಲೆವೆಲ್‌ನಲ್ಲಿ 22ನ್ನು ಮೂವ್‌ನ ಶಕ್ತಿಯಿಂದ ಗುಣಿಸಿ, ಅದನ್ನು ಹೊಡೆಯುವವನ ದಾಳಿಯಿಂದ ಗುಣಿಸಿ, ಎದುರಾಳಿಯ ರಕ್ಷಣೆಯಿಂದ ಭಾಗಿಸಬೇಕು. ಬಂದದ್ದನ್ನು 50ರಿಂದ ಭಾಗಿಸಿ 2 ಕೂಡಿಸಬೇಕು. ಆಮೇಲೆ ಅದೃಷ್ಟದ ಪಾಲು: ಶೇಕಡಾ 85ರಿಂದ 100ರ ತನಕ ಹದಿನಾರು ಮೆಟ್ಟಿಲುಗಳಲ್ಲಿ ಯಾವುದಾದರೂ ಒಂದು. ಪ್ರತಿ ಪ್ರಾಣಿಗೂ ಪ್ರತಿ ಮೂವ್‌ಗೂ ಬೆಂಕಿ, ಹಿಮ, ಡ್ರ್ಯಾಗನ್ ಎಂಬಂತೆ ಟೈಪ್ ಇರುತ್ತದೆ; ತನ್ನದೇ ಟೈಪಿನ ಮೂವ್ ಆದರೆ ಒಂದೂವರೆ ಪಟ್ಟು. ಕೊನೆಗೆ ಎದುರಾಳಿಯ ಟೈಪಿಗೆ ತಕ್ಕಂತೆ ಎರಡು ಪಟ್ಟೋ, ಅರ್ಧವೋ, ಸೊನ್ನೆಯೋ. ಪ್ರತಿ ಹೆಜ್ಜೆಯಲ್ಲೂ ದಶಮಾಂಶ ಬಿಟ್ಟುಬಿಡಬೇಕು.

ವೇಗ ಮೊದಲು

ಸ್ವಭಾವಕ್ಕೆ ಎರಡು ದಾರಿಗಳಿವೆ. ಜಾಲಿ ಆದರೆ ವೇಗ 169, ದಾಳಿ 182. ದಾಳಿಯನ್ನು ಹೆಚ್ಚಿಸುವ ಅಡಮಂಟ್ ಆದರೆ ವೇಗ 154, ದಾಳಿ 200. ಹುಡುಗನ ಕಣ್ಣು 200ರ ಮೇಲೆ. ಈ ವಯಸ್ಸಿನಲ್ಲಿ ಎಲ್ಲರ ಕಣ್ಣೂ ಅಲ್ಲೇ ಇರುತ್ತದೆ.

ಪಟ್ಟಿಯ ಪ್ರಾಣಿಗಳು ವೇಗಕ್ಕೆಂದೇ ತಯಾರಾಗಿ ಬಂದರೆ ಮುಟ್ಟುವ ಗರಿಷ್ಠ ಅಂಕ ಬರೆದೆ. ಡ್ರ್ಯಾಗನೈಟ್ 145, ಗೋಲ್ಡೆಂಗೊ 149. ಇವೆರಡನ್ನು ಅಡಮಂಟ್ ಕೂಡ ದಾಟುತ್ತದೆ. ಫ್ಲಟರ್ ಮೇನ್ 205. ಅದು ಎರಡಕ್ಕೂ ಎಟುಕದು. ವೀವೈಲ್ ಕೂಡ ಅದೇ ಸಾಲಿನ ಓಟಗಾರ. ಉಳಿದದ್ದು ಎದುರಾಳಿ ಗಾರ್ಚಾಂಪ್, 169. ಡ್ರ್ಯಾಗನ್ ಟೈಪಿಗೆ ಡ್ರ್ಯಾಗನ್ ಹೊಡೆತವೇ ಎರಡು ಪಟ್ಟು. ಹಾಗಾಗಿ ಎರಡು ಗಾರ್ಚಾಂಪ್‌ಗಳು ಎದುರುಬದುರಾದಾಗ ಮೊದಲು ಹೊಡೆದವನದೇ ಮೇಲುಗೈ. ನಾವು 154ರಲ್ಲಿ ನಿಂತರೆ ಎರಡನೆಯವರಾಗುವುದು ಖಚಿತ; 169ರಲ್ಲಿ ನಿಂತರೆ ನಾಣ್ಯ ಚಿಮ್ಮಿದಂತೆ ಅರ್ಧ ಅವಕಾಶ. ಪಟ್ಟಿಯಲ್ಲಿಲ್ಲದಿದ್ದರೂ ವೊಲ್ಕರೋನಾದ ಗರಿಷ್ಠ ವೇಗ 167. ಮುಂದೆಂದಾದರೂ ಅದನ್ನು ಯಾರಾದರೂ ತಂದರೆ ಜಾಲಿ ಎರಡೇ ಅಂಕದಿಂದ ಮುಂದಿರುತ್ತದೆ.

ಜಾಲಿ ಎಂದು ತೀರ್ಮಾನಿಸಿದೆ. ಹುಡುಗ ಮುಖ ಗಂಟಿಕ್ಕಿದ. “ಕಳೆದುಹೋದ 18 ಅಂಕ ಬೇರೆ ದಾರಿಯಿಂದ ಬರುತ್ತದೆ, ತಡೆ” ಎಂದೆ.

ನಾಲ್ಕು ಏಟೋ ಐದು ಏಟೋ

ಆ ಬೇರೆ ದಾರಿ ಸ್ಕೇಲ್ ಶಾಟ್. ಕಾಗದದ ಮೇಲೆ ಬಡಕಲು ಮೂವ್: ಶಕ್ತಿ 25, ಗುರಿ ತಪ್ಪದಿರುವ ಸಾಧ್ಯತೆ ಶೇಕಡಾ 90. ಆದರೆ ಒಂದೇ ಸರದಿಯಲ್ಲಿ ಎರಡರಿಂದ ಐದು ಸಲ ಬೀಳುತ್ತದೆ. ಮುಗಿದ ಮೇಲೆ ಗಾರ್ಚಾಂಪ್‌ನ ವೇಗ ಒಂದು ಹಂತ ಏರುತ್ತದೆ, ರಕ್ಷಣೆ ಒಂದು ಹಂತ ಇಳಿಯುತ್ತದೆ. ಹೊಡೆಯುತ್ತ ಹೊಡೆಯುತ್ತಲೇ ವೇಗ ಒಂದೂವರೆ ಪಟ್ಟಾಗುತ್ತದೆ: 169 ಇದ್ದದ್ದು 253. ಆಗ ಫ್ಲಟರ್ ಮೇನ್‌ನ 205 ಹಿಂದೆ ಬೀಳುತ್ತದೆ, ಪಟ್ಟಿಯಲ್ಲಿಲ್ಲದ ಡ್ರ್ಯಾಗಪಲ್ಟ್‌ನ 213 ಕೂಡ, ವೇಗ ಹೆಚ್ಚಿಸುವ ಚಾಯ್ಸ್ ಸ್ಕಾರ್ಫ್ ಕಟ್ಟಿಕೊಂಡು ಬರುವ ಗೋಲ್ಡೆಂಗೊದ 223 ಕೂಡ.

ತೊಂದರೆ ಏಟುಗಳ ಸಂಖ್ಯೆಯಲ್ಲಿದೆ. ಹಾಗೇ ಬಿಟ್ಟರೆ ಎರಡು ಏಟು ಬೀಳುವ ಸಾಧ್ಯತೆ ಶೇಕಡಾ 35, ಮೂರಕ್ಕೂ 35, ನಾಲ್ಕಕ್ಕೆ 15, ಐದಕ್ಕೆ 15. ಸರಾಸರಿ 3.1 ಏಟು, ಶಕ್ತಿಯ ಲೆಕ್ಕದಲ್ಲಿ 77.5. ಡ್ರ್ಯಾಗನ್ ಕ್ಲಾದ 80ಕ್ಕಿಂತಲೂ ಕಡಿಮೆ. ಇಲ್ಲಿಗೆ ಬೇಕಾದ ಬಿಡಿಭಾಗ ಲೋಡೆಡ್ ಡೈಸ್. ಒಂಬತ್ತನೇ ತಲೆಮಾರಿನ ಆಟಗಳಲ್ಲಿ ಬಂದ ವಸ್ತು. ಅದು ಕೈಯಲ್ಲಿದ್ದರೆ ಏಟು ನಾಲ್ಕು ಅಥವಾ ಐದು, ಅದಕ್ಕಿಂತ ಕಡಿಮೆಯಿಲ್ಲ. ಸರಾಸರಿ ಶಕ್ತಿ 112.5. ಲೈಫ್ ಆರ್ಬ್‌ನಂತೆ ಒಡೆಯನ ರಕ್ತ ಕುಡಿಯುವುದೂ ಇಲ್ಲ.

ಇದನ್ನು ಡ್ರ್ಯಾಗನೈಟ್ ಮೇಲೆ ಇಟ್ಟು ನೋಡಿದೆ, ಏಕೆಂದರೆ ಹುಡುಗನನ್ನು ಹೆಚ್ಚು ಕಾಡಿದ್ದು ಅದೇ. ಅದರ ಮಲ್ಟಿಸ್ಕೇಲ್ ಎಂಬ ಎಬಿಲಿಟಿ, ಅಂದರೆ ಹುಟ್ಟುಗುಣ, ಎಚ್‌ಪಿ ತುಂಬಿರುವಾಗ ಬೀಳುವ ಏಟನ್ನು ಅರ್ಧಕ್ಕಿಳಿಸುತ್ತದೆ. ಒಂದೇ ದೊಡ್ಡ ಏಟು ಹಾಕುವ ಮೂವ್ ಪೂರ್ತಿ ಅರ್ಧವಾಗಿ ಹೋಗುತ್ತದೆ. ಸ್ಕೇಲ್ ಶಾಟ್‌ನಲ್ಲಿ ಅರ್ಧವಾಗುವುದು ಮೊದಲನೇ ಏಟು ಮಾತ್ರ. ಎರಡನೇ ಏಟು ಬೀಳುವಾಗ ಎಚ್‌ಪಿ ತುಂಬಿರುವುದಿಲ್ಲವಲ್ಲ.

ಹಾಳೆಯ ಮೇಲಿನ ಲೆಕ್ಕ ಇದು. ಇವಿ ಹಾಕದ ಡ್ರ್ಯಾಗನೈಟ್‌ನ ರಕ್ಷಣೆ 115. 22ನ್ನು 25ರಿಂದ, ಬಂದದ್ದನ್ನು 182ರಿಂದ ಗುಣಿಸಿದರೆ 1,00,100. ಅದನ್ನು 115ರಿಂದ ಭಾಗಿಸಿದರೆ 870. 50ರಿಂದ ಭಾಗಿಸಿ 2 ಸೇರಿಸಿದರೆ 19. ಅದೃಷ್ಟ ಪೂರ್ತಿ ಕೈಕೊಟ್ಟರೆ 16. ತನ್ನ ಟೈಪಿನ ಒಂದೂವರೆ ಪಟ್ಟಿಗೆ 24, ಡ್ರ್ಯಾಗನ್ ಮೇಲೆ ಡ್ರ್ಯಾಗನ್ ಎಂದು 48. ಮೊದಲ ಏಟು ಅರ್ಧವಾಗಿ 24, ಉಳಿದ ಮೂರಕ್ಕೆ 144. ನಾಲ್ಕೇ ಏಟು ಬಿದ್ದು, ನಾಲ್ಕೂ ಅತಿ ಕಡಿಮೆಯಾದರೂ 168. ಎಚ್‌ಪಿಗೆ ಇವಿ ಹಾಕದ ಡ್ರ್ಯಾಗನೈಟ್‌ನ ಎಚ್‌ಪಿ 166. ಎರಡು ಅಂಕದಲ್ಲಿ ಕೆಲಸ ಮುಗಿಯಿತು. ಕತ್ತಿ ಮಸೆಯದೆಯೇ, ಬರಿಗೈಯಲ್ಲಿ!

ಆದರೆ ಎಚ್‌ಪಿಗೆ 252 ಇವಿ ಹಾಕಿದ ಡ್ರ್ಯಾಗನೈಟ್ ಬಂದರೆ ಅದರ ಎಚ್‌ಪಿ 198. ನಾಲ್ಕು ಏಟು ಬಿದ್ದರೆ ಗರಿಷ್ಠ 196; ಐದು ಬಿದ್ದರೆ ಕನಿಷ್ಠ 216. ಅಂದರೆ ನಾಲ್ಕು ಬಿದ್ದರೆ ಯಾವ ಅದೃಷ್ಟದಲ್ಲೂ ಸಾಯುವುದಿಲ್ಲ, ಐದು ಬಿದ್ದರೆ ಯಾವ ಅದೃಷ್ಟದಲ್ಲೂ ಬದುಕುವುದಿಲ್ಲ. ಅಡಮಂಟ್ ಆಗಿದ್ದರೆ ನಾಲ್ಕು ಏಟಿಗೆ 175ರಿಂದ 217ರ ತನಕ, ಒಂದು ಆಸೆ ಇರುತ್ತಿತ್ತು. “ನೋಡಿದಿರಾ ಚಿಕ್ಕಮ್ಮ, ನಾನು ಹೇಳಿದ್ದೇ ಸರಿ” ಎಂದ ಹುಡುಗ. ಈ ಒಂದು ಜಾಗದಲ್ಲಿ ಸರಿ. ಆದರೆ ಒಂದು ಡ್ರ್ಯಾಗನೈಟ್‌ನ ಒಂದು ರೂಪಕ್ಕಾಗಿ ಎದುರಾಳಿ ಗಾರ್ಚಾಂಪ್‌ಗೆ ಶರಣಾಗಲು ನನಗೆ ಮನಸ್ಸಿಲ್ಲ. ಅದೂ ಅಲ್ಲದೆ ದಪ್ಪ ಚರ್ಮದವರಿಗೆಂದೇ ಎರಡನೇ ಮೂವ್ ಇದೆ: ಸ್ವೋರ್ಡ್ಸ್ ಡ್ಯಾನ್ಸ್. ಒಂದು ಸರದಿ ಖರ್ಚು, ದಾಳಿ ಎರಡು ಪಟ್ಟು. 182 ಇದ್ದದ್ದು 364.

ಮೂರನೆಯದು ಅರ್ಥ್‌ಕ್ವೇಕ್, ಅದನ್ನು ಮುಟ್ಟಲಿಲ್ಲ. ಗೋಲ್ಡೆಂಗೊ ಮೇಲೆ ಬಿದ್ದರೆ ಕನಿಷ್ಠ 180, ಇವಿ ಹಾಕದ ಅದರ ಎಚ್‌ಪಿ 162. ಏರ್ ಬಲೂನ್ ಹಿಡಿದು ನೆಲ ಬಿಟ್ಟು ತೇಲುತ್ತಿದ್ದರೆ ಮೊದಲು ಬಲೂನ್ ಒಡೆಯಬೇಕು, ಅಷ್ಟೇ. ಸ್ಕೇಲ್ ಶಾಟ್ ಮುಟ್ಟಲಾಗದ ಫೇರಿ ಟೈಪಿನವರಿಗೂ ಅರ್ಥ್‌ಕ್ವೇಕ್ ಬೇಕೇ ಬೇಕು. ನಾಲ್ಕನೆಯದಕ್ಕೆ ಸ್ಟೋನ್ ಎಡ್ಜ್ ತೆಗೆದು ಫೈರ್ ಫ್ಯಾಂಗ್ ಕೊಟ್ಟೆ. ಅದು ಏಕೆಂಬುದು ಟೈಪ್ ಬದಲಿಸುವ ಟೆರಾದ ಲೆಕ್ಕ ನೋಡಿದ ಮೇಲೆ ತಿಳಿಯುತ್ತದೆ. ಡ್ರ್ಯಾಗನ್ ಟೈಪಿನ ಎರಡು ಮೂವ್ ಯಾಕೆ ಇಟ್ಟಿದ್ದನೋ, ಅವನಿಗೂ ತಿಳಿಯದು.

ಬೆಂಕಿಯ ಟೆರಾ

ಗಾರ್ಚಾಂಪ್ ಡ್ರ್ಯಾಗನ್ ಮತ್ತು ಗ್ರೌಂಡ್ ಎರಡೂ ಆಗಿರುವುದರಿಂದ ಹಿಮದ ಹೊಡೆತ ಅದಕ್ಕೆ ನಾಲ್ಕು ಪಟ್ಟು. ವೀವೈಲ್ ಬಳಿ ಐಸ್ ಶಾರ್ಡ್ ಇದೆ: ಶಕ್ತಿ 40 ಮಾತ್ರ, ಆದರೆ ವೇಗದ ಲೆಕ್ಕ ಕೇಳದೆ ಮೊದಲು ಬೀಳುವ ಮೂವ್. ನಾವು ವೇಗ 253ಕ್ಕೆ ಏರಿಸಿಕೊಂಡರೂ ಅದರ ಮುಂದೆ ಅದು ನೀರಿನಲ್ಲಿ ಮಾಡಿದ ಹೋಮ.

ಲೆಕ್ಕ ಹಾಕಿದಾಗ ಸ್ವಾರಸ್ಯ ಕಂಡಿತು. ದಾಳಿ 172ರ ವೀವೈಲ್‌ನ ಐಸ್ ಶಾರ್ಡ್ ತಾಜಾ ಗಾರ್ಚಾಂಪ್ ಮೇಲೆ 136ರಿಂದ 168. ನಮ್ಮ ಎಚ್‌ಪಿ 183. ಬದುಕುತ್ತದೆ. ಆದರೆ ಒಂದು ಸ್ಕೇಲ್ ಶಾಟ್ ಹೊಡೆದು ರಕ್ಷಣೆ 115ರಿಂದ 76ಕ್ಕೆ ಇಳಿದ ಮೇಲೆ ಅದೇ ಐಸ್ ಶಾರ್ಡ್ ಕನಿಷ್ಠ 204. ಸತ್ತಿತು. ವೇಗ ಕೊಟ್ಟ ಮೂವ್ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಳ್ಳುತ್ತದೆ. ಈ ಜೋಡಣೆಯ ಅತಿ ಸಡಿಲ ಸ್ಕ್ರೂ ಇದೇ.

ಬಿಗಿ ಮಾಡುವ ಕೆಲಸ ಟೆರಾದ್ದು. ಪಂದ್ಯಕ್ಕೆ ಒಮ್ಮೆ ಪ್ರಾಣಿಯ ಟೈಪನ್ನೇ ಬದಲಿಸಬಹುದು. ಬೆಂಕಿಯ ಟೈಪಿಗೆ ಬದಲಾದ ಗಾರ್ಚಾಂಪ್‌ಗೆ ಹಿಮ ಅರ್ಧ, ಫೇರಿಯೂ ಅರ್ಧ. ಕೊಲ್ಲುತ್ತಿದ್ದ 204 ಈಗ 25. ಅತಿ ಹೆಚ್ಚೆಂದರೆ 30. ಫ್ಲಟರ್ ಮೇನ್‌ನ ಮೂನ್‌ಬ್ಲಾಸ್ಟ್ ನೋಡಿ: ಪೂರ್ತಿ ತಯಾರಾದ ಫ್ಲಟರ್ ಮೇನ್ ಹೊಡೆದರೆ ಕನಿಷ್ಠ 188, ನಮ್ಮ 183ಕ್ಕೆ ಐದು ಅಂಕ ಹೆಚ್ಚು. ಹುಡುಗ ಅವಮಾನವಾಗಿ ನೆನಪಿಟ್ಟುಕೊಂಡಿದ್ದ ಸೋಲು ಅದು. ಬೆಂಕಿ ಟೆರಾದಲ್ಲಿ ಅದೇ ಮೂನ್‌ಬ್ಲಾಸ್ಟ್ 47ರಿಂದ 56. ತಿರುಗಿ ಅರ್ಥ್‌ಕ್ವೇಕ್ ಹೊಡೆದರೆ ಕನಿಷ್ಠ 136, ಅದರ ಎಚ್‌ಪಿ 130. ಟೆರಾ ಆದ ಮೇಲೂ ಗಾರ್ಚಾಂಪ್‌ಗೆ ಹಳೆಯ ಎರಡು ಟೈಪ್‌ಗಳ ಒಂದೂವರೆ ಪಟ್ಟು ಉಳಿದಿರುತ್ತದೆ. ಅದಕ್ಕೇ ಈ ಲೆಕ್ಕ ಕೂಡಿಬರುತ್ತದೆ.

ಉಕ್ಕಿನ ಟೆರಾ ಕೂಡ ಹಿಮ, ಫೇರಿ, ಡ್ರ್ಯಾಗನ್ ಮೂರನ್ನೂ ತಡೆಯುತ್ತದೆ. ಕೆಲವರಿಗೆ ಅದೇ ಪ್ರಿಯ. ನಾನು ಬೆಂಕಿ ಆರಿಸಿದ್ದಕ್ಕೆ ಎರಡು ಕಾರಣ. ಬೆಂಕಿಯ ಪ್ರಾಣಿಗೆ ಸುಟ್ಟಗಾಯವಾಗುವುದಿಲ್ಲ. ಸುಟ್ಟಗಾಯವೆಂದರೆ ಭೌತಿಕ ದಾಳಿ ಅರ್ಧವಾಯಿತೆಂದೇ ಅರ್ಥ. ಎರಡನೆಯದು, ಫೈರ್ ಫ್ಯಾಂಗ್‌ಗೂ ಒಂದೂವರೆ ಪಟ್ಟು ಸಿಗುತ್ತದೆ.

ಗಾರ್ಚಾಂಪ್‌ನ ಎಬಿಲಿಟಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಂದಾಗ ಸ್ಯಾಂಡ್ ವೇಲ್ ಇತ್ತು, ಮರಳುಗಾಳಿಯಲ್ಲಿ ಏಟು ತಪ್ಪಿಸಿಕೊಳ್ಳುವ ಗುಣ. ಇವರ ಪಂದ್ಯಗಳಲ್ಲಿ ಮರಳುಗಾಳಿ ಎಬ್ಬಿಸುವವರೇ ಇಲ್ಲ. ರಫ್ ಸ್ಕಿನ್ ಆದರೆ ಮುಟ್ಟಿ ಹೊಡೆದವನ ಎಚ್‌ಪಿಯಲ್ಲಿ ಎಂಟನೇ ಒಂದು ಭಾಗ ಕೀಳುತ್ತದೆ. ರಫ್ ಸ್ಕಿನ್.

ಮೇಜಿನ ಕೆಲಸ

ಮೊದಲು ಚೆಲ್ಲಿದ ಇವಿ ಒರೆಸಿದೆ. ಅದಕ್ಕೆ ಬೆರ್ರಿಗಳಿವೆ, ಒಂದು ತಿನ್ನಿಸಿದರೆ ಒಂದು ಗುಣದ 10 ಇವಿ ಹೋಗುತ್ತದೆ. ಎಚ್‌ಪಿಗೆ ಪೋಮೆಗ್, ರಕ್ಷಣೆಗೆ ಕ್ವಾಲಟ್, ವಿಶೇಷ ದಾಳಿಗೆ ಹಾಂಡ್ಯೂ, ವಿಶೇಷ ರಕ್ಷಣೆಗೆ ಗ್ರೆಪಾ. ದಾಳಿಗೆ ಕೆಲ್ಪ್ಸಿ, ವೇಗಕ್ಕೆ ಟಮಾಟೊ ಇದ್ದರೂ ಅವನ್ನು ಮುಟ್ಟಲಿಲ್ಲ. ಆ ಎರಡನ್ನು ಹೇಗೂ ತುಂಬಿಸುವುದೇ ಇದೆ, ಇದ್ದದ್ದು ಇರಲಿ. ಹುಡುಗ ಉತ್ಸಾಹದಲ್ಲಿ ಎಲ್ಲ ಬೆರ್ರಿಗಳನ್ನೂ ತಿನ್ನಿಸಲು ಹೊರಟಿದ್ದ, ಕೈ ಹಿಡಿದು ನಿಲ್ಲಿಸಿದೆ.

ತುಂಬಿಸಲು ದುಡ್ಡಿನ ದಾರಿ ಒಂದಿದೆ. ದಾಳಿಗೆ ಪ್ರೋಟೀನ್, ವೇಗಕ್ಕೆ ಕಾರ್ಬೋಸ್, ಬಾಟಲಿಗೆ 10 ಇವಿ. ಸೊನ್ನೆಯಿಂದ 252ಕ್ಕೆ 26 ಬಾಟಲಿ. ಒಂದಕ್ಕೆ ಆಟದ ಹಣದಲ್ಲಿ 10,000. ಎರಡೂ ಗುಣಗಳಿಗೆ ಸೇರಿ 5,20,000. ಹುಡುಗನ ಖಾತೆಯಲ್ಲಿ ಅಷ್ಟಿಲ್ಲ. ಖರ್ಚು ಮಾಡುವ ಕೈ ಎಲ್ಲಿಂದ ಬಂತೆಂದು ಗೊತ್ತು, ಅಕ್ಕನದೂ ಹಾಗೆಯೇ. ಆದ್ದರಿಂದ ಬೆವರಿನ ದಾರಿ ಹಿಡಿದೆವು. ಪವರ್ ಆ್ಯಂಕ್ಲೆಟ್ ಹಿಡಿಸಿದರೆ ಉರುಳಿಸಿದ ಪ್ರತಿ ಪ್ರಾಣಿಗೂ ವೇಗದಲ್ಲಿ 8 ಹೆಚ್ಚುವರಿ ಇವಿ. ಫ್ಲೆಚ್‌ಲಿಂಗ್ ಕೊಡುವುದು ವೇಗದ 1 ಇವಿ, ಸೇರಿದರೆ 9. ಸೊನ್ನೆಯಿಂದ ಶುರು ಮಾಡಿದರೆ, 252ನ್ನು 9ರಿಂದ ಭಾಗಿಸಿ ಸರಿಯಾಗಿ 28, ಒಂದೂ ವ್ಯರ್ಥವಿಲ್ಲ. ದಾಳಿಗೆ ಇದೇ ರೀತಿ ಪವರ್ ಬ್ರೇಸರ್ ಹಿಡಿಸಿ ಶಿಂಕ್ಸ್‌ಗಳ ಮೇಲೆ ಬಿಟ್ಟೆವು. ಒಂದು ಎಚ್ಚರಿಕೆ: ತಂಡದಲ್ಲಿರುವ ಇತರ ಪ್ರಾಣಿಗಳಿಗೂ ಆ 1 ಇವಿ ಹಂಚಿಹೋಗುತ್ತದೆ. ಪಂದ್ಯಕ್ಕೆಂದು ತಯಾರಿಸಿಟ್ಟ ಬೇರೆ ಪ್ರಾಣಿಗಳಿದ್ದರೆ ಅವನ್ನು ಪೆಟ್ಟಿಗೆಯಲ್ಲಿ ಇಟ್ಟು ಹೊರಡಬೇಕು.

252 ಎರಡು ಸಲ, ಉಳಿದ 6ರಲ್ಲಿ 4 ವಿಶೇಷ ರಕ್ಷಣೆಗೆ. ಇನ್ನೆರಡಕ್ಕೆ ಬೆಲೆಯಿಲ್ಲ.

ಸ್ವಭಾವದ ಪರಿಣಾಮ ಬದಲಿಸುವ ಜಾಲಿ ಮಿಂಟ್‌ಗೆ 20,000. ತಿನ್ನಿಸಿದ ಮೇಲೂ ಪರದೆಯಲ್ಲಿ ಸ್ವಭಾವ ಮಾಡೆಸ್ಟ್ ಎಂದೇ ಇರುತ್ತದೆ, ಅಂಕಗಳು ಮಾತ್ರ ಬದಲಾಗುತ್ತವೆ. ಹುಡುಗ ಅದನ್ನು ಕಂಡು ದುಡ್ಡು ಹೋಯಿತೆಂದು ಕೂಗಿಕೊಂಡ. ಐವಿ ಸರಿಪಡಿಸಲು ಆಟದೊಳಗಿನ ಮಾಂಟೆನೆವೆರಾ ಊರಿನಲ್ಲಿ ಬಾಟಲ್ ಕ್ಯಾಪ್ ಪಡೆದು ತರಬೇತಿ ಕೊಡುವವನಿದ್ದಾನೆ. ಪ್ರಾಣಿ 50ನೇ ಲೆವೆಲ್ ಮುಟ್ಟಿದ್ದರೆ ಸಾಕು. ವೇಗ, ದಾಳಿ, ಎಚ್‌ಪಿ ಮೂರಕ್ಕೆ ಕೊಡಿಸಿದೆ. ವಿಶೇಷ ದಾಳಿಯ ಐವಿ ಎಷ್ಟಿದ್ದರೇನು, ಊಟಕ್ಕಿಲ್ಲದ ಉಪ್ಪಿನಕಾಯಿ. ಟೆರಾ ಬದಲಿಸಲು ಬೆಂಕಿಯ ಚೂರುಗಳು 50 ಬೇಕು. ಮೆಡಾಲಿ ಊರಿನ ಟ್ರೆಷರ್ ಈಟರಿ ಹೋಟೆಲಿನಲ್ಲಿ ಅವನ್ನು ಅಡುಗೆ ಮಾಡಿ ಬಡಿಸುತ್ತಾರೆ. ರಫ್ ಸ್ಕಿನ್‌ಗೆ ಬೇಕಾದ ಎಬಿಲಿಟಿ ಪ್ಯಾಚ್ ಸಿಗುವುದು ಆರು ನಕ್ಷತ್ರದ ರೇಡ್ ಕಾಳಗಗಳಲ್ಲಿ, ಅದೂ ಅದೃಷ್ಟವಿದ್ದರೆ. ಎಲ್ಲಕ್ಕಿಂತ ಹೆಚ್ಚು ಕಾಯಿಸಿದ್ದು ಅದೇ.

ಪರೀಕ್ಷೆ

ನೆಟ್ ಇಲ್ಲದಿದ್ದರೂ ಪೋಕೆ ಪೋರ್ಟಲ್‌ನಲ್ಲಿ ಅಕ್ಕಪಕ್ಕ ಕುಳಿತ ಎರಡು ಸ್ವಿಚ್‌ಗಳನ್ನು ನೇರವಾಗಿ ಜೋಡಿಸಿ ಆಡಬಹುದು. ಮಳೆಗಾಲದ ಕೊಡಗಿಗೆ ಇದಕ್ಕಿಂತ ದೊಡ್ಡ ಉಪಕಾರ ಆ ಕಂಪನಿ ಮಾಡಿಲ್ಲ. ಕಿಂಗ್ಯಾಂಬಿಟ್ ಸಾಕಿದ ಮಡಿಕೇರಿಯ ಹುಡುಗ ಕೊಡೆ ಮಡಚಿ ಅಂಗಡಿಯ ಬೆಂಚಿನಲ್ಲಿ ಕುಳಿತ. ಇನ್ವರ್ಟರ್‌ನ ಬೆಳಕಿನಲ್ಲಿ ಆಟ.

ಕಿಂಗ್ಯಾಂಬಿಟ್‌ನ ಸಕರ್ ಪಂಚ್ ಕೂಡ ವೇಗ ಕೇಳದೆ ಮೊದಲು ಬೀಳುತ್ತದೆ. ದಾಳಿ 205 ಇದ್ದರೆ ತಾಜಾ ಗಾರ್ಚಾಂಪ್‌ಗೆ 70ರಿಂದ 84. ಸ್ಕೇಲ್ ಶಾಟ್ ಆದ ಮೇಲೆ 108ರಿಂದ 127. ನಮ್ಮ ಅರ್ಥ್‌ಕ್ವೇಕ್ ಬರಿಗೈಯಲ್ಲಿ ಅದರ ಮೇಲೆ 150ರಿಂದ 176. ಎಚ್‌ಪಿ ತುಂಬಿಸಿದ ಕಿಂಗ್ಯಾಂಬಿಟ್‌ಗೆ 207. ಸಾಲದು. ಇಬ್ಬರೂ ಎದುರುಬದುರಾದಾಗ ಅಕ್ಕನ ಮಗನ ಬೆರಳು ಅರ್ಥ್‌ಕ್ವೇಕ್ ಮೇಲೆ ಹೋಯಿತು. ಕೆಮ್ಮಿದೆ. ಸಕರ್ ಪಂಚ್‌ಗೆ ಒಂದು ಷರತ್ತಿದೆ: ಎದುರಾಳಿ ಆ ಸರದಿಯಲ್ಲಿ ದಾಳಿ ಮಾಡುತ್ತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಹುಡುಗ ನನ್ನ ಮುಖ ನೋಡಿದ, ಪರದೆ ನೋಡಿದ, ಸ್ವೋರ್ಡ್ಸ್ ಡ್ಯಾನ್ಸ್ ಒತ್ತಿದ. ಸಕರ್ ಪಂಚ್ ಗಾಳಿಗೆ ಹೋಯಿತು. ಈಗ ದಾಳಿ 364. ಅರ್ಥ್‌ಕ್ವೇಕ್ ಕನಿಷ್ಠ 294. ಮುಂದಿನ ಸರದಿಯಲ್ಲಿ ಕಿಂಗ್ಯಾಂಬಿಟ್ ಸಕರ್ ಪಂಚ್ ಹೊಡೆದೇ ಹೊಡೆಯಿತು. 78 ಹೋಯಿತು, ರಫ್ ಸ್ಕಿನ್ ಅದರಿಂದ 25 ಕಿತ್ತಿತು, ಅರ್ಥ್‌ಕ್ವೇಕ್ ಉಳಿದದ್ದನ್ನು ಮುಗಿಸಿತು.

ಮಡಿಕೇರಿಯ ಹುಡುಗ ಸುಮ್ಮನಿರಲಿಲ್ಲ. ಮುಂದಿನ ಆಟದಲ್ಲಿ ಕಿಂಗ್ಯಾಂಬಿಟ್‌ಗೆ ಹಾರುವ ಟೈಪಿನ ಟೆರಾ ಹಾಕಿ ಅರ್ಥ್‌ಕ್ವೇಕನ್ನು ಸೊನ್ನೆ ಮಾಡಿದ. ಆದರೆ ಟೆರಾ ಆದೊಡನೆ ಅದರ ಉಕ್ಕು ಹೋಗುತ್ತದೆ, ಡ್ರ್ಯಾಗನ್ ಹೊಡೆತ ಅರ್ಧವಾಗುವುದು ನಿಲ್ಲುತ್ತದೆ. ಸ್ಕೇಲ್ ಶಾಟ್ ಪೂರ್ತಿ ಬೀಳುತ್ತದೆ. ಅಂದು ಐದೂ ಬಿದ್ದವು. ಇನ್ನೊಂದು ಆಟದಲ್ಲಿ ಅದೇ ಸ್ಕೇಲ್ ಶಾಟ್ ಗುರಿ ತಪ್ಪಿ ಪಂದ್ಯವೇ ಹೋಯಿತು. ಶೇಕಡಾ 90 ಎಂದರೆ ಅದೇ ಅರ್ಥ, ಅದಕ್ಕೆ ರಿಪೇರಿಯಿಲ್ಲ.

ಸರಿಯಾಗದೆ ಉಳಿದದ್ದು

ಕಾರ್ವಿನೈಟ್. ಉಕ್ಕು ಮತ್ತು ಹಾರುವ ಟೈಪ್. ಅರ್ಥ್‌ಕ್ವೇಕ್ ತಾಗದು, ಸ್ಕೇಲ್ ಶಾಟ್ ಅರ್ಧ. ರಕ್ಷಣೆ 172ಕ್ಕೆ, ಎಚ್‌ಪಿ 205ಕ್ಕೆ ಏರಿಸಿದ ಕಾರ್ವಿನೈಟ್ ಮೇಲೆ ಒಂದು ಸ್ವೋರ್ಡ್ಸ್ ಡ್ಯಾನ್ಸ್ ಆಡಿ ಹೊಡೆದ ಫೈರ್ ಫ್ಯಾಂಗ್ 104ರಿಂದ 124. ಬೆಂಕಿ ಟೆರಾ ಸೇರಿಸಿದರೆ 156ರಿಂದ 186. ಆಗಲೂ ಬದುಕಿ, ರೂಸ್ಟ್ ಮಾಡಿ ಎಚ್‌ಪಿ ತುಂಬಿಸಿಕೊಳ್ಳುತ್ತದೆ. ಎರಡು ಸಲ ಸ್ವೋರ್ಡ್ಸ್ ಡ್ಯಾನ್ಸ್ ಆಡಿದರೆ ಮುಗಿಯುತ್ತದೆ ನಿಜ. ಅಷ್ಟು ಹೊತ್ತು ಅದು ಕೈಕಟ್ಟಿ ನಿಲ್ಲಬೇಕಲ್ಲ! ಹುಡುಗ ಇದಕ್ಕೂ ಗಾರ್ಚಾಂಪ್‌ನಲ್ಲೇ ಒಂದು ಉಪಾಯ ಹುಡುಕಲು ಕೇಳಿದ. ಒಪ್ಪಲಿಲ್ಲ. ಈ ಬೀಗಕ್ಕೆ ಬೇರೆ ಕೀಲಿ ಬೇಕು, ಅದಕ್ಕೇ ಜೊತೆಗೆ ಇಬ್ಬರಿಗೆ ಜಾಗವಿರುವುದು.

ಒಂದು ಜಾಗಕ್ಕೆ ವಾಷ್ ರೂಪದ ರೋಟಮ್: ವಿದ್ಯುತ್ ಹೊಡೆತ ಕಾರ್ವಿನೈಟ್‌ಗೆ ಎರಡು ಪಟ್ಟು, ವೋಲ್ಟ್ ಸ್ವಿಚ್ ಹೊಡೆದು ಗಾರ್ಚಾಂಪ್‌ಗೆ ಜಾಗ ಬಿಟ್ಟುಕೊಡಲೂ ಬರುತ್ತದೆ. ಇನ್ನೊಂದಕ್ಕೆ ಸಿಜರ್: ಹಿಮ, ಫೇರಿ ಎರಡನ್ನೂ ತಡೆಯುತ್ತದೆ, ಬುಲೆಟ್ ಪಂಚ್‌ನಿಂದ ಫ್ಲಟರ್ ಮೇನ್‌ಗಿಂತ ಮೊದಲು ಹೊಡೆಯುತ್ತದೆ. ಸಿಜರ್‌ಗೆ ಬೆಂಕಿ ನಾಲ್ಕು ಪಟ್ಟು. ಎದುರಾಳಿ ಅದನ್ನು ಸುಡಲು ಹೊರಟ ಕ್ಷಣದಲ್ಲಿ ಗಾರ್ಚಾಂಪ್ ಒಳಗೆ ಬಂದರೆ ಬೆಂಕಿ ಅರ್ಧವಾಗುತ್ತದೆ, ಸ್ವೋರ್ಡ್ಸ್ ಡ್ಯಾನ್ಸ್‌ಗೆ ಬೇಕಾದ ಬಿಡುವೂ ಸಿಗುತ್ತದೆ.

ರೋಟಮ್ ಅವನ ಬಳಿಯೇ ಇತ್ತು. ಎಲ್ ಗುಂಡಿ ಒತ್ತಿ ನೋಡಿದೆ. ಅದರ ಇವಿಯೂ ಆರು ಕಡೆಗೆ ಚೆಲ್ಲಿದೆ, ಸ್ವಭಾವ ಅಡಮಂಟ್. ಬೆರ್ರಿ ಮುಗಿದಿದೆ, ಆಟದ ಪೋರ್ಟೊ ಮರಿನಾಡ ಊರಿನ ಹರಾಜಿನಲ್ಲಿ ಸಿಕ್ಕರೆ ತೆಗೆದಿಡಲು ಹೇಳಿ ಕಳುಹಿಸಿದ್ದೇನೆ.